ಸಮುದ್ರ ಸೇರಿದ ನೀರು ವ್ಯರ್ಥವೇ?

(ರಾಮನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದ್ರ ಸಂರಕ್ಷಣೆಯ ಕುರಿತು ಮಾತನಾಡಬೇಕಾದುದು ಭಟ್ಕಳದಲ್ಲಿ ಅಥವಾ ಉಳ್ಳಾಲದಲ್ಲಿ. ಅಲೆಯ ಸದ್ದೇ ಕೇಳದ ಈ ಊರಿನಲ್ಲಿ ಅದೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿ ತಾಲೂಕಿನ ಮಂಚನಬೆಲೆಯನ್ನು ದಾಟಿ, ರಾಮನಗರ ಮತ್ತು ಕನಕಪುರದ ಮೂಲಕ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಣ್ವ ನದಿಯು ಶಿಂಷಾದ ಮೂಲಕ ಅದೇ ಕಾವೇರಿಗೆ ಹೋಗುತ್ತದೆ. ಕಾವೇರಿಯು ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಅಂದರೆ ಈ ನಾಲ್ಕು ಊರುಗಳ ಚರಂಡಿಯ ಕೊನೆಯ ವಿಳಾಸ ಸಮುದ್ರವೇ ಆಗಿದೆ.

ಆ ಕೊನೆಯ ವಿಳಾಸದಲ್ಲಿ ದುಡಿಯುತ್ತಿರುವ ಕೆಲವರೊಂದಿಗೆ ನಾವು ಮಾತುಕತೆ ನಡೆಸಿದ್ದೇವೆ. ಕಡಲಾಮೆಗಳ ಮೊಟ್ಟೆ ಕಾಯುವ ಯುವಕರು ಅವರಲ್ಲಿದ್ದರು. ಬಲೆ ಬೀಸಿಯೇ ಹೊಟ್ಟೆ ಹೊರೆಯುವ ಮೀನುಗಾರರೂ ಇದ್ದರು.

ಚೆನ್ನೈಯಲ್ಲಿ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲವೊಂದು 1988ರಿಂದ ಕೆಲಸ ಮಾಡುತ್ತಿದೆ. ಆಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಅದರ ಸದಸ್ಯರು ರಾತ್ರಿಯಿಡೀ ಮರಳಿನಲ್ಲಿ ನಡೆಯುತ್ತಾರೆ. ಆಲಿವ್ ರಿಡ್ಲೆ ಆಮೆಯ ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆಗಳಿರುತ್ತವೆ. ನಾಯಿ, ನರಿಗಳ ಬಾಯಿಗೆ ಬೀಳುವ ಮೊದಲೇ ಅವುಗಳನ್ನು ಸುರಕ್ಷಿತ ಆವರಣಕ್ಕೆ ಸಾಗಿಸಿ, ಮರಿಗಳು ಹೊರಬಂದಾಗ ಕಡಲಿಗೆ ಬಿಡುತ್ತಾರೆ. ಇಷ್ಟೆಲ್ಲ ಮಾಡಿಯೂ 2025ರ ಜನವರಿಯಲ್ಲಿ ಚೆನ್ನೈ ಭಾಗದ ತೀರದಲ್ಲಿ ಸಾವಿರಕ್ಕೂ ಹೆಚ್ಚು ಆಮೆಗಳ ಶವಗಳು ಬಂದು ಬಿದ್ದವು. ಆಮೆಯು ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಟ್ರಾಲರ್ ಬಲೆಯಲ್ಲಿ ಸಿಲುಕಿದರೆ ಅದು ನೀರಿನಲ್ಲಿಯೇ ಬಾಳುವ ಪ್ರಾಣಿಯಾದರೂ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಆಮೆಗೆ ಹೊರದಾರಿ ಬಿಡುವ ಸಾಧನವನ್ನು ಬಲೆಗೆ ಅಳವಡಿಸಬಹುದು. ಆದರೆ ಆ ದಾರಿಯಲ್ಲಿ ಒಂದಿಷ್ಟು ಮೀನೂ ತಪ್ಪಿಸಿಕೊಳ್ಳುತ್ತದೆ. ಸಾಲ ಮಾಡಿ ಡೀಸೆಲ್ ಹಾಕಿಸಿದವನಿಗೆ ಇದು ಸಣ್ಣ ಮಾತಲ್ಲ.

ಇನ್ನೂ ದಕ್ಷಿಣಕ್ಕೆ, ತಂಜಾವೂರು ಮತ್ತು ಪುದುಕ್ಕೋಟ್ಟೈ ಜಿಲ್ಲೆಗಳ ತೀರದಲ್ಲಿ ಕಡಲಹಸು ಎಂಬ ಪ್ರಾಣಿಯಿದೆ. ಮೀನಲ್ಲ, ಮರಿಗೆ ಹಾಲುಣಿಸುವ ಸಸ್ತನಿ. ಕಡಲ ತಳದಲ್ಲಿ ಬೆಳೆಯುವ ಹುಲ್ಲೇ ಇದರ ಆಹಾರ. ತಮಿಳುನಾಡು ಸರಕಾರವು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ಇದಕ್ಕಾಗಿ ಮೀಸಲಿಟ್ಟಿತು. ದೇಶದಲ್ಲಿ ಇಂಥದು ಇದೇ ಮೊದಲು. ಆದರೆ ಕಡಲಿನಲ್ಲಿ ಅದನ್ನು ಕಾಯುವವನು ಬಡ ಮೀನುಗಾರನೇ. ಕಡಲಹಸು ಸಿಕ್ಕಿಬಿದ್ದರೆ ಅವನು ತನ್ನ ಬಲೆಯನ್ನೇ ಕತ್ತರಿಸಿ ಅದನ್ನು ಬಿಡಬೇಕಾಗುತ್ತದೆ. ನೀರು ಕೆಸರಾಗಿ ಬಿಸಿಲು ತಳ ಮುಟ್ಟದಿದ್ದರೆ ಹುಲ್ಲು ಸಾಯುತ್ತದೆ, ಹುಲ್ಲು ಸತ್ತರೆ ಕಡಲಹಸುವೂ ಇಲ್ಲ, ಅಲ್ಲಿ ಬೆಳೆಯುವ ಮರಿಮೀನೂ ಇಲ್ಲ ಎಂಬುದನ್ನು ನಮಗೆ ವಿವರಿಸಿದವರು ಆ ಮೀನುಗಾರರೇ.

ಅವರಲ್ಲೊಬ್ಬ ಹಿರಿಯರು ನಮ್ಮನ್ನು ಕೇಳಿದರು: “ನದಿಯ ನೀರು ಕಡಲು ಸೇರಿದರೆ ವ್ಯರ್ಥವೆಂದು ನಿಮ್ಮ ಕಡೆಯಲ್ಲೂ ಹೇಳುತ್ತಾರೆಯೇ, ಭಾಯ್?”

ಹೇಳುತ್ತಾರೆ. ಆಡಳಿತ ಪಕ್ಷದವರೂ ಹೇಳುತ್ತಾರೆ, ವಿರೋಧ ಪಕ್ಷದವರೂ ಹೇಳುತ್ತಾರೆ. ಮೇಕೆದಾಟು ಯೋಜನೆಯ ಪರವಾದ ವಾದಗಳಲ್ಲಿ ಮುಖ್ಯವಾದುದೇ ಇದು. 2022ರ ಜನವರಿ 9ರಂದು ಇದೇ ಸಂಗಮದಿಂದ ಹೊರಟ ಕಾಂಗ್ರೆಸ್ ಪಾದಯಾತ್ರೆಯು ಕೊರೋನಾದ ಕಾರಣ ಇದೇ ರಾಮನಗರದಲ್ಲಿ ನಿಂತುದು ತಮಗೆ ನೆನಪಿರಬಹುದು. ನೀರು ನಮ್ಮ ಹಕ್ಕು ಎಂಬ ಘೋಷಣೆ ಅಂದು ಮೊಳಗಿತು. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬುದರಲ್ಲಿ ನಮಗೂ ತಕರಾರಿಲ್ಲ. ಆದರೆ ಕಾವೇರಿ ನ್ಯಾಯಾಧಿಕರಣದ 2007ರ ತೀರ್ಪನ್ನು ಬಿಡಿಸಿ ನೋಡಿ. ಹಂಚಿದ್ದು ಒಟ್ಟು 740 ಟಿಎಂಸಿ. ಪರಿಸರಕ್ಕೆಂದು ಅದರಲ್ಲಿ 10 ಟಿಎಂಸಿ ಇದೆ. ಸಮುದ್ರದ ಹೆಸರಿನಲ್ಲಿ ಇರುವುದು 4 ಟಿಎಂಸಿ. ಅದೂ ಪಾಲೆಂದಲ್ಲ, ತಡೆಯಲಾಗದೆ ಹರಿದುಹೋಗುವ ನೀರೆಂಬ ಲೆಕ್ಕದಲ್ಲಿ! ರಾಜ್ಯಗಳಿಗೆ ವಕೀಲರಿದ್ದರು, ಸಮುದ್ರಕ್ಕಿರಲಿಲ್ಲ.

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಬೆರೆಯುತ್ತವೆ. ಸಿಗಡಿಯ ಮರಿಗಳೂ ಅನೇಕ ಜಾತಿಯ ಮೀನುಮರಿಗಳೂ ಬೆಳೆಯುವುದು ಅಲ್ಲಿ. ನದಿಯು ತರುವ ಮಣ್ಣೇ ತೀರವನ್ನು ಕಟ್ಟುತ್ತದೆ. ಸಿಹಿನೀರು ಬಾರದಿದ್ದರೆ ಉಪ್ಪುನೀರು ಒಳನುಗ್ಗಿ ರೈತನ ಬಾವಿಯನ್ನೂ ಕೆಡಿಸುತ್ತದೆ. ಹಿಂದೆ ಹಿಲ್ಸಾ ಮೀನು ಮೊಟ್ಟೆಯಿಡಲು ಕಡಲಿನಿಂದ ಕಾವೇರಿಯನ್ನು ಏರಿ ಬರುತ್ತಿತ್ತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಸಿದ್ಧವಾದ ಬಳಿಕ ಅದರ ದಾರಿ ಮುಚ್ಚಿತು.

ಹೀಗಿರುವಾಗ ಕಡಲಿಗೆ ನಾವು ಕಳುಹಿಸುತ್ತಿರುವುದೇನು? ಬೆಂಗಳೂರಿನ ಕೊಳಚೆಯು ವೃಷಭಾವತಿಯ ಮೂಲಕ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ಅರ್ಕಾವತಿಗೆ ಇಳಿಯುತ್ತದೆ. ಆ ನೊರೆಯನ್ನು ತಾವೆಲ್ಲ ಕಂಡಿದ್ದೀರಿ. ಇದೆಲ್ಲವೂ ಹಾಗೆಯೇ ಪೂಂಪುಹಾರ್ ತಲುಪುತ್ತದೆಂದು ನಾವು ಹೇಳುವುದಿಲ್ಲ. ಬಹುಪಾಲು ಮೆಟ್ಟೂರಿನಲ್ಲಿ, ಕಾಲುವೆಗಳಲ್ಲಿ ಉಳಿದು ಅಲ್ಲಿಯವರನ್ನೇ ಕಾಡುತ್ತದೆ. ಆದರೆ ದೊಡ್ಡ ನೆರೆ ಬಂದಾಗ ದಂಡೆಯ ಪ್ಲಾಸ್ಟಿಕ್ ಯಾವ ಗಡಿಯಲ್ಲಿಯೂ ನಿಲ್ಲುವುದಿಲ್ಲ. ಬೆಂಗಳೂರನ್ನು ದೂರುವುದು ನ್ಯಾಯವೇ ಹೌದು. ದೂರಿ ಸುಮ್ಮನಾಗುವ ಹಕ್ಕು ಮಾತ್ರ ನಮಗಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ನಮ್ಮ ಸಮುದಾಯದವರೇ ಹೆಚ್ಚು. ಗೂಡು ಬೇಯಿಸಿದ ನೀರಿನಲ್ಲಿ ರೇಷ್ಮೆಯ ಅಂಟು ಕರಗಿರುತ್ತದೆ. ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರುತ್ತದೆ, ಮೀನಿಗೆ ಉಸಿರಿಲ್ಲದಾಗುತ್ತದೆ. ಈ ನೀರನ್ನು ಮನೆಮುಂದಿನ ಚರಂಡಿಗೆ ಬಿಟ್ಟರೆ ಅದು ನೇರವಾಗಿ ಹೊಳೆಗೆ ಹೋಗುತ್ತದೆ. ಬಕ್ರೀದ್ ದಿನ ಕುರ್ಬಾನಿಯ ತ್ಯಾಜ್ಯವನ್ನು ಚೀಲದಲ್ಲಿ ಕಟ್ಟಿ ರಾಜಕಾಲುವೆಗೆ ಎಸೆಯುವವರು ನಮ್ಮಲ್ಲಿಯೂ ಇದ್ದಾರೆ. ಇಬಾದತ್‌ನ ದಿನವೇ ನೆರೆಯವನಿಗೆ ತೊಂದರೆ ಕೊಡುವುದು ಎಂತಹ ನಡತೆ? ಕೆಳದಂಡೆಯಲ್ಲಿ ಬಾಳುವವನೂ ನೆರೆಯವನೇ ಅಲ್ಲವೇ?

ಚನ್ನಪಟ್ಟಣದ ಸಹೋದರರಿಗೆ ಒಂದು ಮಾತು. ಆಲೆಮರ ಮತ್ತು ಅರಗಿನಿಂದ ತಾವು ಮಾಡುವ ಬೊಂಬೆ ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಬೊಂಬೆ ಹಾಗಲ್ಲ. ನಮ್ಮ ಮದುವೆ ಮನೆಗಳಲ್ಲಿ ಮಕ್ಕಳ ಕೈಗೆ ಕೊಡುವ ಉಡುಗೊರೆ ಯಾವುದೆಂದು ನೋಡಿದರೆ ನಾಚಿಕೆಯಾಗುತ್ತದೆ.

ಬಲೆ ಕತ್ತರಿಸುವ ಮೀನುಗಾರನ ನಷ್ಟದ ಮುಂದೆ ನಾವು ಕೇಳುತ್ತಿರುವುದು ಬಹಳ ಕಡಿಮೆ. ಬಿಚ್ಚಾಣಿಕೆದಾರರು ಬೀದಿಗೊಂದರಂತೆ ಸೇರಿ, ನೀರನ್ನು ಚರಂಡಿಗೆ ಬಿಡುವ ಮೊದಲು ತಂಗಿಸುವ ತೊಟ್ಟಿಯನ್ನು ಕಟ್ಟಿಕೊಳ್ಳಬಹುದು. ಪ್ಯೂಪಾವನ್ನು ಬೀದಿಯಲ್ಲಿ ಕೊಳೆಯಿಸದೆ ಒಣಗಿಸಿದರೆ ಕೋಳಿ, ಮೀನುಗಳ ಆಹಾರಕ್ಕೆ ಮಾರಬಹುದು. ತಂಗಿಸಿದ ನೀರನ್ನು ಶುದ್ಧೀಕರಿಸುವುದು ಒಬ್ಬೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಅದು ನಗರಸಭೆಯ ಮತ್ತು ರೇಷ್ಮೆ ಇಲಾಖೆಯ ಹೊಣೆ. ಸಾಮೂಹಿಕ ಘಟಕಕ್ಕಾಗಿ ಅವರಿಗೆ ಕೊಡಬೇಕಾದ ಮನವಿಯನ್ನು ಬರೆದು ತಂದಿದ್ದೇವೆ. ಬಕ್ರೀದ್‌ನ ಮೂರು ದಿನ ಪ್ರತಿ ಮೊಹಲ್ಲಾದಿಂದ ತ್ಯಾಜ್ಯ ಸಾಗಿಸಲು ವಾಹನ ಬೇಕೆಂಬುದೂ ಅದರಲ್ಲಿದೆ. ಮಸೀದಿ ಸಮಿತಿಗಳ ಅಧ್ಯಕ್ಷರು ಸಹಿ ಹಾಕಿಯೇ ಹೊರಡಬೇಕೆಂದು ವಿನಂತಿಸುತ್ತೇವೆ.