ಸ್ವಂತ ವಾಕ್ಯದ ಸತ್ವಪರೀಕ್ಷೆ

‘ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿರಿ’ — ಕನ್ನಡ ಶಾಲೆಯಲ್ಲಿ ಕಲಿತವರಿಗೆಲ್ಲ ಪರಿಚಿತವಾದ ಪ್ರಶ್ನೆಯಿದು. ‘ಹಂಗು’ ಎಂಬ ಪದಕ್ಕೆ ವಿದ್ಯಾರ್ಥಿಯೊಬ್ಬನು ‘ಅವನಿಗೆ ಹಂಗು ಇದೆ’ ಎಂದು ಬರೆದರೆ ವ್ಯಾಕರಣದೋಷವೇನೂ ಇಲ್ಲ. ಆದರೆ ಹಂಗಿನ ಸ್ಥಾನದಲ್ಲಿ ಜ್ವರವನ್ನೋ ಗದ್ದೆಯನ್ನೋ ಇರಿಸಿದರೂ ಆ ವಾಕ್ಯ ಹಾಗೆಯೇ ನಿಲ್ಲುತ್ತದೆ. ‘ಸಾಲ ತೀರಿತು, ಕಷ್ಟಕಾಲದಲ್ಲಿ ಕೊಟ್ಟವನ ಹಂಗು ತೀರಲಿಲ್ಲ’ ಎಂದು ಬರೆದಾಗ ಸಾಲಕ್ಕೂ ಹಂಗಿಗೂ ಇರುವ ಅಂತರ ತಾನಾಗಿ ಬೆಳಗುತ್ತದೆ.

ಪರೀಕ್ಷೆಯ ಅಂಕಗಳಿಗಷ್ಟೇ ಈ ಮಾತು ಸೀಮಿತವಲ್ಲ. ಹಿಂದಿನವರ ಬದುಕನ್ನು ನಾವು ಅರಿಯುವುದೂ ಅವರ ವಾಕ್ಯಗಳಿಂದಲೇ. ಕುಂದಾಪುರದ ಸಮೀಪ, ವಾರಾಹಿಯ ದಂಡೆಯಲ್ಲಿರುವ ಹಳೆಯ ರೇವುಪಟ್ಟಣ ಬಸ್ರೂರನ್ನು ನೋಡಿರಿ. ‘ಹಲರು’ ಎಂದರೆ ಅನೇಕರು. ಇಷ್ಟನ್ನೇ ನಂಬಿ ಅಲ್ಲಿಯ ವಿಜಯನಗರ ಕಾಲದ ಶಾಸನಗಳನ್ನು ಓದಹೊರಟರೆ ದಾರಿ ತಪ್ಪುತ್ತೇವೆ. ಅಲ್ಲಿ ಮೂಡುಕೇರಿ, ಪಡುವಕೇರಿಗಳ ‘ಹಲರು’ ಎಂದರೆ ಊರಿನ ವ್ಯವಹಾರಗಳಲ್ಲಿ ಅಧಿಕಾರವುಳ್ಳ ಪಟ್ಟಣಿಗರ ಸಂಘ. ಈ ಅರ್ಥ ತಿಳಿಯುವುದು ಪದವು ನಿಂತಿರುವ ವಾಕ್ಯದಿಂದ.

ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಹೊರತಂದ ನಿಘಂಟು, ಅರ್ಥದ ಬೆನ್ನಿಗೆ ಕಾವ್ಯ-ಶಾಸನಗಳ ಪ್ರಯೋಗಗಳನ್ನು ಸಾಕ್ಷಿಯಾಗಿ ನಿಲ್ಲಿಸಿರುವುದೂ ಇದಕ್ಕಾಗಿಯೇ.

ಬಸ್ರೂರಿನ ಆ ಹಲರು ಇಂದಿಲ್ಲ. ವಾಕ್ಯ ಉಳಿದುದರಿಂದ ಅವರ ಗುರುತು ಉಳಿದಿದೆ. ಆದುದರಿಂದ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಮಗುವಿನ ಸ್ವಂತ ವಾಕ್ಯವನ್ನು ತಿದ್ದುವಾಗ ಕೊಟ್ಟ ಪದವನ್ನು ಬೆರಳಿನಿಂದ ಮುಚ್ಚಿ ನೋಡಿರಿ. ಉಳಿದ ಮಾತುಗಳು ಆ ಪದವನ್ನೇ ಬೇಡಿದರೆ ಪೂರ್ಣಾಂಕ ಕೊಡಿರಿ. ಬೇಡದಿದ್ದರೆ ಪ್ರೀತಿಯಿಂದ ಇನ್ನೊಂದು ವಾಕ್ಯ ಬರೆಯಿಸಿರಿ.