ಪರದೆಯ ಸುತ್ತಲಿನ ಬೆಳಕು



ದತ್ತಿ ಉಪನ್ಯಾಸವೆಂದರೆ ಕಾವ್ಯವೋ ವಚನವೋ ಇರುತ್ತದೆಂದು ಬಂದವರು ಇಲ್ಲಿ ಹಲವರಿದ್ದೀರಿ. ಇವತ್ತು ನಾನು ಆರಿಸಿಕೊಂಡಿರುವುದು ಕಣ್ಣಿನ ವಿಷಯ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ನಮ್ಮ ಹೆಸರು, ನಮ್ಮ ಸರ್ವೆ ನಂಬರು, ನಮ್ಮ ಜಾತಿ ಆದಾಯ ಪ್ರಮಾಣಪತ್ರಗಳನ್ನು ಓದಿ ಟೈಪು ಮಾಡುವವರ ಕಣ್ಣಿನ ವಿಷಯ.

‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಹೋದವು. ಆ ಕೆಲಸ ಮುಗಿಯುವ ಹೊತ್ತಿಗೆ ಪರದೆ ಇನ್ನೂ ತಾಲ್ಲೂಕು ಕಚೇರಿಯಲ್ಲಿತ್ತು. ಆಮೇಲೆ ಹೋಬಳಿಯ ನಾಡಕಚೇರಿಗೆ ಬಂತು, ಪಂಚಾಯಿತಿಗೆ ಬಂತು, ಗ್ರಾಮ ಒನ್ ಕೇಂದ್ರಕ್ಕೆ ಬಂತು, ಅರಿವು ಕೇಂದ್ರವಾದ ಹಳೆಯ ಗ್ರಂಥಾಲಯಕ್ಕೂ ಬಂತು. ನಮ್ಮದೇ ಕೋರ ಹೋಬಳಿಯ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹಳ್ಳಿಗಳಿಂದ ಬಸ್ಸು ಹತ್ತುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರ ಪಾಳಿ ಪರದೆಯ ಮುಂದೆಯೇ ಕಳೆಯುತ್ತದೆ. ಅವರನ್ನು ಕೇಳಿದರೆ ಬರುವ ಉತ್ತರ ಒಂದೇ: ಸಂಜೆ ಹೊತ್ತಿಗೆ ಕಣ್ಣು ಉರಿ, ಮರಳು ಬಿದ್ದ ಹಾಗೆ ಚುಚ್ಚು, ಹುಬ್ಬಿನ ಮೇಲೆ ನೋವು, ದೂರದ್ದು ಸ್ವಲ್ಪ ಹೊತ್ತು ಮಸಕು.

ಮೊದಲು ಒಂದು ಭಯ ಬಿಡಿಸುತ್ತೇನೆ. ಪರದೆ ನೋಡಿದ್ದರಿಂದ ಬರುವ ಈ ಆಯಾಸ ಕಣ್ಣನ್ನು ಶಾಶ್ವತವಾಗಿ ಕೆಡಿಸುವುದಿಲ್ಲ. ಆದರೆ ಅದು ಸುಳ್ಳು ನೋವಲ್ಲ. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮುಳುಗಿದಾಗ ಅದು 5–7ಕ್ಕೆ ಇಳಿಯುತ್ತದೆ. ರೆಪ್ಪೆ ಬಡಿಯದಿದ್ದರೆ ಕಣ್ಣಿನ ಮೇಲಿನ ನೀರಿನ ಪದರ ಒಡೆಯುತ್ತದೆ, ಕಣ್ಣು ಒಣಗುತ್ತದೆ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಇನ್ನೂ ಬೇಗ. ಜೊತೆಗೆ, ಹತ್ತಿರದ್ದನ್ನು ಸ್ಪಷ್ಟ ಕಾಣಿಸಲು ಕಣ್ಣೊಳಗಿನ ಒಂದು ಸಣ್ಣ ಸ್ನಾಯು ಬಿಗಿಯಾಗಿಯೇ ಇರಬೇಕಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡು ಇಪ್ಪತ್ತು ಅಡಿ ಆಚೆ ನೋಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ಬಾಗಿಲಾಚೆಯ ತೆಂಗಿನ ಮರ ನೋಡಿದರೂ ಸಾಕು.

ಇದು ಹಲವರಿಗೆ ಗೊತ್ತು. ಕಡಿಮೆ ಜನ ಗಮನಿಸುವುದು ಬೆಳಕನ್ನು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆ ಬೆಳಗಿದರೆ ಕಾಗದ ಬೆಳಗುತ್ತದೆ, ಕೋಣೆ ಕತ್ತಲಾದರೆ ಕಾಗದವೂ ಮಬ್ಬು. ಮಾನಿಟರ್ ಹಾಗಲ್ಲ; ಕೋಣೆ ಹೇಗೇ ಇರಲಿ, ತನ್ನಷ್ಟಕ್ಕೆ ಉರಿಯುತ್ತದೆ. ಕಚೇರಿಯಲ್ಲಿ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿರಲಿ ಎನ್ನುವುದು ವಾಡಿಕೆಯ ಅಳತೆ. 400 ಲಕ್ಸ್ ಬೆಳಕಿನಲ್ಲಿಟ್ಟ ಬಿಳಿ ಹಾಳೆಯ ಹೊಳಪು ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾ. ಪೆಟ್ಟಿಗೆಯಿಂದ ತೆಗೆದ ಹೊಸ ಮಾನಿಟರು ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ 250ರಷ್ಟು ಹೊಳೆಯುವುದು ಸಾಮಾನ್ಯ. ಅಂದರೆ ಮೇಜಿನ ಮೇಲಿನ ಅರ್ಜಿ ನೋಡಿ, ಪರದೆ ನೋಡಿ, ಮತ್ತೆ ಅರ್ಜಿ ನೋಡುವ ಆಪರೇಟರ್ ಪ್ರತಿ ಸಲವೂ ಎರಡೂವರೆ ಪಟ್ಟು ಬೆಳಕಿಗೆ ಏರಿ ಇಳಿಯುತ್ತಾನೆ. ಅವನ ಕೋಣೆಯಲ್ಲಿ ಇರುವುದು ಹೊಗೆ ಹಿಡಿದ ಒಂದೇ ಟ್ಯೂಬ್‌ಲೈಟ್ ಆದರೆ ಈ ಅಂತರ ಇನ್ನೂ ದೊಡ್ಡದು.

ಪರೀಕ್ಷೆ ಸುಲಭ. ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆ ದೀಪದಂತೆ ಕಂಡರೆ ಬ್ರೈಟ್‌ನೆಸ್ ಇಳಿಸಿ; ಬೂದಿ ಬಣ್ಣವಾಗಿ ಕಂಡರೆ ಏರಿಸಿ. ಎರಡೂ ಒಂದೇ ಬಿಳಿಯಾಗಿ ಕಾಣುವಲ್ಲಿ ನಿಲ್ಲಿಸಿ. ಬೆಳಿಗ್ಗೆಯ ಅಳತೆ ಸಂಜೆಗೆ ನಡೆಯುವುದಿಲ್ಲ, ಮತ್ತೆ ನೋಡಬೇಕು.

ಇನ್ನು ಕೂರುವ ಜಾಗ. ನಮ್ಮ ಕಡೆಯ ಸೇವಾ ಕೇಂದ್ರಗಳು ಹೆಚ್ಚಾಗಿ ರಸ್ತೆ ಬದಿಯ ಶಟರ್ ಅಂಗಡಿಗಳು. ಬಂದವರ ಮುಖ ಕಾಣಲೆಂದು ಆಪರೇಟರ್ ರಸ್ತೆಗೆ ಎದುರಾಗಿ ಕೂರುತ್ತಾನೆ. ಅವನ ಮಾನಿಟರಿನ ಹಿಂದೆ ನೆತ್ತಿ ಬಿಸಿಲಿನ ರಸ್ತೆ ಇರುತ್ತದೆ. ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುವಂಥದ್ದು. ಅದರ ಮುಂದೆ ಪರದೆ ಕಪ್ಪಾಗಿ ಕಾಣುತ್ತದೆ, ಬ್ರೈಟ್‌ನೆಸ್ ಏರುತ್ತದೆ, ಸಂಜೆಯಾದರೂ ಇಳಿಯುವುದಿಲ್ಲ. ರಸ್ತೆಗೆ ಬೆನ್ನು ಹಾಕಿ ಕೂತರೆ ಆ ಬಿಸಿಲೆಲ್ಲ ಪರದೆಯಲ್ಲೇ ಪ್ರತಿಫಲಿಸುತ್ತದೆ. ಇರುವ ದಾರಿ ಒಂದೇ: ಬಾಗಿಲು ಅಥವಾ ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸುವುದು. ಬಲಗೈಯಲ್ಲಿ ಬರೆಯುವ ಮಕ್ಕಳ ಎಡಕ್ಕೆ ಕಿಟಕಿ ಬರುವಂತೆ ಶಾಲೆ ಕಟ್ಟಿಸುತ್ತಿದ್ದ ಹಿಂದಿನವರು ಬೆಳಕನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು ಎಂಬುದು ನನ್ನ ನಂಬಿಕೆ.

ಟ್ಯೂಬ್‌ಲೈಟಿಗೂ ಇದೇ ಲೆಕ್ಕ. ಮಾನಿಟರ್ ಆಫ್ ಮಾಡಿ, ಕಪ್ಪು ಪರದೆಯಲ್ಲಿ ಏನು ಕಾಣುತ್ತದೆ ನೋಡಿ. ದೀಪದ ಗೆರೆ ಕಂಡರೆ ದೀಪವನ್ನೋ ಪರದೆಯನ್ನೋ ಸರಿಸಬೇಕು. ಮೇಜಿನ ಮೇಲಿನ ಗಾಜು, ಗೋಡೆಯ ಮಿರುಗುವ ಆಯಿಲ್ ಪೇಂಟು ಕೂಡ ಕಣ್ಣಿಗೆ ಹೊಡೆಯುತ್ತವೆ. ಮಿರುಗದ ತಿಳಿ ಬಣ್ಣ ಒಳ್ಳೆಯದು. ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಮಿಣುಕು ನಮಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದಾಗ ಪಟ್ಟೆಗಳು ಹರಿದಾಡಿದರೆ ಆ ಬಲ್ಬು ಬದಲಿಸಿ.

ಬಣ್ಣದ ಮಾತಿಗೆ ಬಂದರೆ, ಅಂಗಡಿಗಳಲ್ಲಿ ನೀಲಿ ಬೆಳಕು ತಡೆಯುವ ಕನ್ನಡಕ ಮಾರುತ್ತಾರೆ, ಮಾಮೂಲಿಗಿಂತ ಹೆಚ್ಚು ಬೆಲೆಗೆ. 2023ರಲ್ಲಿ ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಣ್ಣಿನ ಆಯಾಸದ ಮಟ್ಟಿಗೆ, ಕಡಿಮೆ ಅವಧಿಯಲ್ಲಿ, ಆ ಗಾಜಿಗೂ ಸಾದಾ ಗಾಜಿಗೂ ವ್ಯತ್ಯಾಸ ಇಲ್ಲದಿರಬಹುದು ಎಂದೇ ತೀರ್ಮಾನಕ್ಕೆ ಬಂತು. ಆ ದುಡ್ಡು ಉಳಿಸಿ ಎಂದು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ಪರದೆಯ ಬಿಳಿಯನ್ನು ಹಳದಿಯತ್ತ ತಿರುಗಿಸುವ, ಕಂಪ್ಯೂಟರಿನಲ್ಲೇ ಇರುವ ನೈಟ್ ಲೈಟ್ ಪುಕ್ಕಟೆ. ಹಗಲಿನ ಬಿಳಿ 6500 ಕೆಲ್ವಿನ್, ಹಳೆಯ ಗುಂಡು ಬಲ್ಬಿನ ಹಳದಿ 2700. ರಾತ್ರಿ ಹಳದಿ ದೀಪದ ಕೋಣೆಯಲ್ಲಿ ಪರದೆಯನ್ನೂ ಆ ಕಡೆಗೆ ಬಾಗಿಸಿದರೆ ಹಿತ ಎನಿಸುತ್ತದೆ. ಆದರೆ ಬ್ರೈಟ್‌ನೆಸ್ ಇಳಿಸದೆ ಬಣ್ಣ ಮಾತ್ರ ಬದಲಿಸಿ ಪ್ರಯೋಜನವಿಲ್ಲ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಡುವ ರೂಢಿಯೂ ಬಂದಿದೆ. ಕನ್ನಡಕ್ಕೆ ಅದು ಎಲ್ಲರಿಗೂ ಒಗ್ಗುವುದಿಲ್ಲ. ಕಪ್ಪು ಪರದೆಗೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಸಿಲಿಂಡರ್ ಪವರ್ ಇದ್ದವರಿಗೆ ಬಿಳಿ ಗೆರೆ ಹರಡಿದಂತೆ ಕಂಡು, ದುಂಡನೆಯ ಅಕ್ಷರಗಳ ಒಳಗಿನ ಖಾಲಿ ಜಾಗ ತುಂಬಿಹೋಗುತ್ತದೆ. ಆಗ ‘ಮ’ಕ್ಕೂ ‘ಯ’ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ರಾಮಣ್ಣ ರಾಯಣ್ಣನಾದರೆ, ಪಹಣಿ ತಿದ್ದುಪಡಿಗೆ ಕಚೇರಿ ಅಲೆಯುವವನು ರೈತ. ಇಂಗ್ಲಿಷಿಗೆಂದು ಗೊತ್ತು ಮಾಡಿದ ಅಕ್ಷರದ ಗಾತ್ರದಲ್ಲಿ ನಮ್ಮ ಒತ್ತಕ್ಷರಗಳು ಇರುವೆಯಷ್ಟಾಗುತ್ತವೆ. ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿ, ಶೇಕಡಾ 125ಕ್ಕೋ 150ಕ್ಕೋ ಹಿಗ್ಗಿಸಿಕೊಳ್ಳಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಹದವಾದ ಹೊಳಪು: ಕನ್ನಡ ಓದಲು ನಾನು ಒಪ್ಪುವುದು ಇದನ್ನೇ.

ನಲವತ್ತು ದಾಟಿದವರಿಗೆ ಒಂದು ಮಾತು. ಚಾಳೀಸು ಬಂದ ಕಣ್ಣಿಗೆ ಯಾವ ಬೆಳಕೂ ಕನ್ನಡಕದ ಕೆಲಸ ಮಾಡಿಕೊಡುವುದಿಲ್ಲ. ಪುಸ್ತಕ ಓದುವ ಕನ್ನಡಕದಲ್ಲಿ ಮಾನಿಟರಿನ ದೂರ ಸರಿಹೊಂದದೆ ಕತ್ತು ಚಾಚುವವರು ಬಹಳ. ಕಣ್ಣು ತೋರಿಸುವಾಗ ‘ಪರದೆ ಎರಡು ಅಡಿ ದೂರ ಇರುತ್ತೆ ಡಾಕ್ಟ್ರೇ’ ಎಂದು ಹೇಳಿ.

ಪಂಚಾಯಿತಿ ಸದಸ್ಯರು, ಶಾಲೆಯ ಮೇಷ್ಟ್ರುಗಳು, ಕೇಂದ್ರ ನಡೆಸುವ ತಮ್ಮಂದಿರು ತಂಗಿಯರು ಈ ಸಭೆಯಲ್ಲಿದ್ದೀರಿ. ಹೊಸ ಕಂಪ್ಯೂಟರಿಗೆ ಅನುದಾನ ಕೇಳುವ ಅರ್ಜಿಯಲ್ಲೇ ಎರಡು ಒಳ್ಳೆಯ ದೀಪ, ಒಂದು ಕಿಟಕಿ ಪರದೆಯ ಖರ್ಚನ್ನೂ ಸೇರಿಸಿ. ನಾಳೆ ಬಾಗಿಲು ತೆಗೆದ ಕೂಡಲೇ ಮೇಜನ್ನು ಒಮ್ಮೆ ತಿರುಗಿಸಿ ನೋಡಿ.