ಕೋಲೂರಿ ಕಂಡ ವಿಜಯಪುರ

ಕೋಟೆಯನ್ನು ಕಟ್ಟುವುದು ಹೊರಗಿನವರನ್ನು ತಡೆಯುವುದಕ್ಕೆ. ವಿಜಯಪುರದ ಕೋಟೆಯನ್ನು ಕಟ್ಟಿದ್ದೂ ಅದಕ್ಕಾಗಿಯೇ. ಆದರೆ ಮೊಣಕಾಲು ಸವೆದು ಕೈಗೆ ಕೋಲು ಬಂದವನಿಗೆ ಅಲ್ಲಿ ಇರುವುದು ಒಂದೇ ಕೋಟೆಯಲ್ಲ. ಪ್ರತಿಯೊಂದು ಹೊಸ್ತಿಲೂ ಒಂದು ಕೋಟೆ. ಪ್ರತಿಯೊಂದು ಮೆಟ್ಟಿಲೂ ಒಂದು ಬುರುಜು. ಕಳೆದ ಚಳಿಗಾಲದಲ್ಲಿ ಎರಡು ದಿನ ಆ ಊರಿನಲ್ಲಿದ್ದು ಬಂದೆ. ಆ ಎರಡು ದಿನಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಆ ಊರನ್ನು ಮೊದಲು ಕಂಡದ್ದು ಹೈಸ್ಕೂಲು ಹುಡುಗನಾಗಿದ್ದಾಗ. ಆಗ ಅದು ಬಿಜಾಪುರ. ವಿಜಯಪುರವೆಂಬುದು ಅಧಿಕೃತ ಹೆಸರಾದದ್ದು ೨೦೧೪ರ ನವೆಂಬರ್ ೧ರಿಂದ. ತಂದೆಯವರು ಕರೆದುಕೊಂಡು ಹೋಗಿದ್ದರು. ಗೋಲಗುಮ್ಮಟದ ಒಳಗೆ, ಗೋಪುರದ ಮೆಟ್ಟಿಲುಗಳ ಬುಡದಲ್ಲಿ ಅವರು ಒಂದು ಕ್ಷಣ ನಿಂತು ಮೇಲೆ ನೋಡಿದರು. "ನೀ ಹೋಗಿ ಬಾ, ನಾ ಇಲ್ಲೇ ಕೂಡತೇನಿ" ಎಂದರು. ನಾನು ಎರಡೆರಡು ಮೆಟ್ಟಿಲು ಹಾರಿ ಓಡಿದೆ. ಇಳಿದು ಬಂದಾಗ ಅವರು ಕೂತಲ್ಲೇ ಕೂತಿದ್ದರು. ಮೇಲೆ ಏನು ಕಂಡೆನೆಂದು ನಾನು ಹೇಳಲಿಲ್ಲ. ಕೆಳಗೆ ಏನು ಕಂಡಿರೆಂದು ಕೇಳಲೂ ಇಲ್ಲ. ಅವರಿಗೆ ಕಾಲುನೋವಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದೊಂದು ಸಂಗತಿಯೆಂದು ತೋರಿರಲಿಲ್ಲ.

ಈ ಸಲ ನನ್ನ ಜೊತೆಗಿದ್ದವರು ಮಗಳು ಮತ್ತು ೧೨ ವರ್ಷದ ಮೊಮ್ಮಗಳು. ಆಟೋರಿಕ್ಷಾಗಳು ಹೆಚ್ಚಿದ ಮೇಲೆ ಆ ಊರಿನ ಟಾಂಗಾಗಳು ಕಡಮೆಯಾಗಿವೆ. ಆದರೂ ಮೊಮ್ಮಗಳ ಹಟಕ್ಕೆ ಟಾಂಗಾವನ್ನೇ ಗೊತ್ತುಮಾಡಿದೆವು. ಅದರ ಮೆಟ್ಟು ನನ್ನ ಮೊಣಕಾಲಿಗೆ ಎಟುಕದು. ಟಾಂಗಾದವನು ನನ್ನ ಕೋಲನ್ನು ನೋಡಿದ, ಏನನ್ನೂ ಕೇಳಲಿಲ್ಲ. ಗಾಡಿಯನ್ನು ಹಿಂದಕ್ಕೆ ಸರಿಸಿ ರಸ್ತೆಯಂಚಿನ ಒಂದು ಕಲ್ಲುಕಟ್ಟೆಗೆ ತಾಗಿಸಿ ನಿಲ್ಲಿಸಿದ. "ಸಾವಕಾಶ ಹತ್ತರಿ ಅಜ್ಜಾರ, ಕುದುರಿಗೂ ಅವಸರಿಲ್ಲ, ನನಗೂ ಇಲ್ಲ" ಎಂದ. ಕಟ್ಟೆಯಿಂದ ಗಾಡಿಗೆ ನಾನು ಕಾಲೆತ್ತಬೇಕಾಗಲಿಲ್ಲ; ಇಟ್ಟರೆ ಸಾಕಾಯಿತು. ಮುಂದೆ ಎರಡು ದಿನವೂ ಆತ ನಿಲ್ಲಿಸಿದಲ್ಲೆಲ್ಲ ಮೊದಲು ಇಂಥದೊಂದು ಕಟ್ಟೆಯನ್ನು ಹುಡುಕುತ್ತಿದ್ದ.

ಊರ ಸುತ್ತಲಿನ ಗೋಡೆಯನ್ನು ಕಟ್ಟಿಸಿದವನು ಒಂದನೆಯ ಅಲಿ ಆದಿಲಶಾಹ. ಅದು ಪೂರ್ಣವಾದದ್ದು ೧೫೬೫ರ ಸುಮಾರಿಗೆ. ಸುತ್ತಳತೆ ಹತ್ತಿರ ಹತ್ತಿರ ೧೦ ಕಿಲೋಮೀಟರು, ಬುರುಜುಗಳು ೯೬. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗದ ಕೆಲಸವನ್ನು ಹಂಚಿದ್ದನೆಂದೂ, ಅದರಿಂದಲೇ ಬುರುಜುಗಳ ಕಟ್ಟಡದಲ್ಲಿ ಒಂದರಂತೆ ಒಂದಿಲ್ಲವೆಂದೂ ಹೇಳುತ್ತಾರೆ. ಹುಡುಗನಾಗಿದ್ದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕುದುರೆಯ ನಡಿಗೆಯಲ್ಲಿ ಗೋಡೆಯ ಪಕ್ಕದಲ್ಲಿ ಸಾಗುವಾಗ ಒಂದು ಬುರುಜಿಗೂ ಇನ್ನೊಂದಕ್ಕೂ ಇರುವ ಭೇದ ತಾನಾಗಿ ಕಾಣುತ್ತದೆ. ಕೆಲವೆಡೆ ಗೋಡೆ ಕುಸಿದಿದೆ. ಕೆಲವೆಡೆ ಊರೇ ಅದನ್ನು ದಾಟಿ ಹೊರಗೆ ಬೆಳೆದಿದೆ.

ಪಶ್ಚಿಮದ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ ತೋಪು ಇದೆ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು ೫೫ ಟನ್ನು. ಅಲ್ಲಿಗೆ ಹೋಗುವ ಮೆಟ್ಟಿಲುಗಳನ್ನು ಮಗಳ ತೋಳು ಹಿಡಿದು, ಮೂರು ಕಡೆ ನಿಂತು, ಹೇಗೋ ಏರಿದೆ. ತೋಪಿನ ಬಾಯಿ ಸಿಂಹದ ಮುಖ. ತೆರೆದ ದವಡೆಯ ಕೋರೆಗಳ ನಡುವೆ ಒಂದು ಪುಟ್ಟ ಆನೆ ಸಿಕ್ಕಿಕೊಂಡಿದೆ. ಬಿಸಿಲಿನಲ್ಲಿದ್ದರೂ ಲೋಹ ಕೈಗೆ ತಣ್ಣಗಿತ್ತು. ಏದುಸಿರು ಇಳಿಯುವವರೆಗೆ ಅದಕ್ಕೆ ಕೈಯಾನಿಸಿ ನಿಂತಿದ್ದಾಗ ಒಂದು ಯೋಚನೆ ಬಂದಿತು. ಎತ್ತು ಆನೆಗಳನ್ನು ಹೂಡಿ ಇಂಥ ಭಾರವನ್ನು ನಾಡಿನಿಂದ ನಾಡಿಗೆ ಎಳೆದು ಬುರುಜಿಗೆ ಏರಿಸಿದ ಊರು ಇದು. ೫೫ ಟನ್ನಿಗೆ ದಾರಿ ಕಂಡುಕೊಂಡ ಮನುಷ್ಯನ ಬುದ್ಧಿಗೆ ಒಬ್ಬ ಮುದುಕನ ಭಾರ ಎಷ್ಟರದು?

ಅಲ್ಲಿಂದ ಉಪ್ಪಲಿ ಬುರುಜಿಗೆ ಹೋದೆವು. ೧೫೮೪ರಲ್ಲಿ ಹೈದರಖಾನ ಕಟ್ಟಿಸಿದ ೮೦ ಅಡಿ ಎತ್ತರದ ಗುಂಡು ಗೋಪುರ. ಮೆಟ್ಟಿಲುಗಳು ಹೊರಗೋಡೆಯನ್ನು ಸುತ್ತಿಕೊಂಡು ಏರುತ್ತವೆ. ಅದರ ಬುಡದಲ್ಲಿ ನಿಂತು, ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಸುಲಭವಲ್ಲ. ಮೇಲಿನಿಂದ ಇಡೀ ಊರು ಕಾಣುತ್ತದೆ. ಆ ನೋಟ ನನಗೆ ಇನ್ನಿಲ್ಲ. ಕುಳಿತವನಿಗೂ ಅದೇ ಸುಖವಿದೆ ಎಂದು ನಾನು ನಿಮ್ಮನ್ನು ನಂಬಿಸಲಾರೆ. ಹೋದದ್ದು ಹೋದದ್ದೇ.

ಆದರೆ ಎಲ್ಲವೂ ಎತ್ತರದಲ್ಲಿಲ್ಲ. ಕೋಟೆಯ ಹೊರಗೆ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾ ಕುಳಿತು ನೋಡುವವನಿಗೆಂದೇ ಕಟ್ಟಿದಂತಿದೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಗೋರಿ ಒಂದು ಕಡೆ, ಮಸೀದಿ ಇನ್ನೊಂದು ಕಡೆ. ಎರಡೂ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತಿವೆ. ತೋಟದಲ್ಲಿ ಒಂದು ಗಂಟೆ ಕುಳಿತಿದ್ದೆ. ಬಿಸಿಲು ಸರಿದಂತೆ ಮಿನಾರುಗಳ ನೆರಳು ಹುಲ್ಲಿನ ಮೇಲೆ ಸರಿಯಿತು. ಅಷ್ಟರಲ್ಲಿ ಎಷ್ಟೋ ತಂಡಗಳು ಬಂದು, ಚಿತ್ರ ತೆಗೆದುಕೊಂಡು, ಹೋದವು.

ಎರಡನೆಯ ದಿನ ಬೆಳಿಗ್ಗೆ, ಜನ ಸೇರುವ ಮುಂಚೆ, ಗೋಲಗುಮ್ಮಟಕ್ಕೆ ಹೋದೆವು. ಮಹಮ್ಮದ ಆದಿಲಶಾಹನ ಗೋರಿ ಅದು. ಅವನು ತೀರಿಕೊಂಡದ್ದು ೧೬೫೬ರಲ್ಲಿ. ಪಿಸುಮಾತಿನ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಸುತ್ತಿ ಏರಬೇಕು. ಮೊಮ್ಮಗಳು ನನ್ನ ಮುಖ ನೋಡಿದಳು. "ನೀ ಹೋಗಿ ಬಾ, ನಾ ಇಲ್ಲೇ ಕೂಡತೇನಿ" ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂಬುದು ಹೊಳೆಯಿತು.

ಅವರಿಬ್ಬರೂ ಮೇಲೆ ಹೋದರು. ನಾನು ತಂದೆಯವರು ಕುಳಿತಂತೆ ಕುಳಿತು, ಬೇರೆ ಕೆಲಸವಿಲ್ಲದ್ದರಿಂದ, ತಲೆಯೆತ್ತಿ ನೋಡತೊಡಗಿದೆ. ಪ್ರತಿ ಪಕ್ಕಕ್ಕೂ ಸುಮಾರು ೧೩೫ ಅಡಿ ಇರುವ ಚೌಕಾಕಾರದ ಹಜಾರ. ನಡುವೆ ಒಂದು ಕಂಬವೂ ಇಲ್ಲ. ಮೇಲೆ ಒಳವ್ಯಾಸ ಸುಮಾರು ೧೨೪ ಅಡಿಯ ಗುಮ್ಮಟ. ಚೌಕದ ಮೇಲೆ ವೃತ್ತ ಕೂತದ್ದು ಹೇಗೆ? ಎಂಟು ಕಮಾನುಗಳು ಗೋಡೆಗಳಿಂದ ಎದ್ದು, ಒಂದನ್ನೊಂದು ಕತ್ತರಿಸಿಕೊಂಡು, ಚೌಕದ ಮೂಲೆಗಳನ್ನು ಒಳಗೆ ಎಳೆದುಕೊಂಡು, ಮೇಲಿನ ದುಂಡಿಗೆ ಪೀಠವಾಗಿವೆ. ಒಳಚಾಚಿದ ಆ ಭಾಗದ ಭಾರವೇ ಗುಮ್ಮಟದ ಹೊರನೂಕನ್ನು ತಡೆಯುತ್ತದೆ. ಗ್ಯಾಲರಿಯಲ್ಲಿ ನಿಂತವರು ನಿಂತಿರುವುದು ಈ ಕಮಾನುಗಳ ನೆತ್ತಿಯ ಮೇಲೆ. ಅವರಿಗೆ ಮಾತು ಕೇಳುತ್ತದೆ; ಮಾತನ್ನು ಹೊತ್ತುನಿಂತ ಕಮಾನಿನ ಹೆಣಿಗೆ ಹೀಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಕೆಳಗೇ ಇರಬೇಕು. ನಾನು ಬಾಲ್ಯದಲ್ಲಿ ಹಾರಿ ಓಡಿದ ಭರದಲ್ಲಿ ಇದನ್ನು ನೋಡಿರಲಿಲ್ಲ. ತಂದೆಯವರು ನೋಡಿರಬಹುದು.

ಅಷ್ಟರಲ್ಲಿ ಮೇಲಿನಿಂದ "ಅಜ್ಜಾ" ಎಂಬ ಕೂಗು ಬಂದಿತು. ಒಂದು ಅಜ್ಜಾ ಹಲವು ಅಜ್ಜಾಗಳಾಗಿ ಗುಮ್ಮಟದಲ್ಲಿ ಸುತ್ತಿ ಕೆಳಗಿಳಿಯಿತು. ನಾನು ಕೋಲೆತ್ತಿ ತೋರಿಸಿದೆ.

ಇಳಿದು ಬಂದವಳನ್ನು ಮೊದಲು ಕೂರಿಸಿಕೊಂಡು, ಮೇಲೆ ಏನೇನಾಯಿತು ಎಂದು ಕೇಳಿದೆ. ಕಾಗದ ಹರಿದ ಸದ್ದೂ ಆಚೆ ಬದಿಗೆ ಕೇಳಿತೆಂದಳು. ಅನಂತರ ಅವಳೇ ಕೇಳಿದಳು: "ಇಲ್ಲಿ ನೀ ಏನು ನೋಡಿದಿ ಅಜ್ಜಾ?" ನಾನು ಅವಳ ತಲೆಯನ್ನು ಹಿಂದಕ್ಕೆ ವಾಲಿಸಿ ಎಂಟು ಕಮಾನುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದೆ. ನನ್ನ ತಂದೆಯವರನ್ನು ನಾನು ಕೇಳದೆ ಬಿಟ್ಟ ಪ್ರಶ್ನೆ ಅದು.

೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಎಟುಕುವಂತಿರಬೇಕೆನ್ನುತ್ತದೆ. ಹಳೆಯ ಕಲ್ಲಿಗೆ ಉಳಿ ತಾಗಿಸಬಾರದೆಂಬುದು ನ್ಯಾಯವೇ. ಉಪ್ಪಲಿ ಬುರುಜನ್ನು ನನಗಾಗಿ ತಗ್ಗಿಸಿರೆಂದು ನಾನು ಕೇಳುವುದಿಲ್ಲ. ಆದರೆ ಕಲ್ಲನ್ನು ಮುಟ್ಟದೆ ಮೆಟ್ಟಿಲ ಮೇಲೆ ಹಾಸಬಹುದಾದ ಮರದ ಇಳಿಜಾರು, ಹಿಡಿದುಕೊಳ್ಳಲು ಒಂದು ಕಂಬಿ, ನೂರು ಹೆಜ್ಜೆಗೊಂದು ಕಲ್ಲುಬೆಂಚು – ಇವು ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ನನ್ನಂಥವರ ಊರು ಅಷ್ಟಷ್ಟು ದೊಡ್ಡದಾಗುತ್ತದೆ. ಕಾಯಿದೆಯನ್ನು ಓದದೆಯೇ ಆ ಟಾಂಗಾದವನು ಇಷ್ಟನ್ನೂ ಅರಿತಿದ್ದ.

ಕೇಳುತ್ತಿರುವ ಕಿರಿಯರಲ್ಲಿ ನನ್ನದೊಂದು ವಿನಂತಿ. ಹಿರಿಯರನ್ನು ಊರು ತೋರಿಸಲು ಕರೆದೊಯ್ದಾಗ ಅವರನ್ನು ಕೆಳಗೆ ಕೂರಿಸಿ ನೀವು ಮೇಲೆ ಹೋಗಿ ಬನ್ನಿ, ಅದು ತಪ್ಪಲ್ಲ. ಇಳಿದು ಬಂದ ಮೇಲೆ ಅವರ ಪಕ್ಕದಲ್ಲಿ ಐದು ನಿಮಿಷ ಕುಳಿತುಕೊಳ್ಳಿ. ನೀವು ಕಂಡದ್ದನ್ನು ಹೇಳಿ. ಅವರು ಕಂಡದ್ದನ್ನು ಕೇಳಿ.